ರಬ್ಬರ್ ಚೇಂಜ್ ಮಾಡೋ ಮುಂಚೆ ಇದನ್ನ ಓದಿ

(1/3)

ಫೋಟೋದಲ್ಲಿರೋದು ನನ್ನ ಕ್ಯಾಟರ್ ಬಿಲ್ಲು. ಎಡಗಡೆ ಇಟ್ಟಿರೋದು ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ರಬ್ಬರ್. ಬಲಗಡೆ ಆನ್‌ಲೈನಲ್ಲಿ 380 ರೂಪಾಯಿ ಕೊಟ್ಟು ತರಿಸಿದ ಲೇಟೆಕ್ಸ್ ಪಟ್ಟಿ. ಹೋದ ತಿಂಗಳು ಸ್ಟೋರಿ ಹಾಕಿದಾಗ ಎಷ್ಟೊಂದು ಜನ "ಲಿಂಕ್ ಕಳ್ಸು ಮಗಾ" ಅಂತ ಮೆಸೇಜ್ ಮಾಡಿದ್ರಿ. ಲಿಂಕ್ ಕಳಿಸಲ್ಲ. ಯಾಕೆ ಅಂತ ಮೂರು ಪೋಸ್ಟಲ್ಲಿ ಹೇಳ್ತೀನಿ.

ಮಲ್ಲೇಶ್ವರದಲ್ಲಿರೋರಿಗೆ ಕೋತಿ ಕಾಟ ಹೊಸದಲ್ಲ. ಸ್ಯಾಂಕಿ ಕೆರೆ, ಐಐಎಸ್‌ಸಿ ಕಡೆಯ ಮರಗಳಿಂದ ಬರ್ತವೆ, ತೆಂಗಿನಕಾಯಿ ಕೀಳ್ತವೆ, ಕಿಟಕಿಯಿಂದ ಕೈ ಹಾಕಿ ಬಾಳೆಹಣ್ಣು ಎತ್ಕೊಂಡು ಹೋಗ್ತವೆ. ನಮ್ಮನೇಲಿ ಫ್ರಿಜ್ ಬಾಗಿಲು ತೆಗೆದ ಕೋತಿನೂ ಇದೆ. ಅದಕ್ಕೇ ಕ್ಯಾಟರ್ ಬಿಲ್ಲು. ಸೈಕಲ್ ಟ್ಯೂಬ್ ರಬ್ಬರ್‌ನಲ್ಲಿ ಎರಡು ವರ್ಷ ಆರಾಮಾಗಿ ನಡೀತು.

ಆಮೇಲೆ ರೀಲ್ಸ್ ಶುರು. ಸಮುದ್ರದೊಳಗೆ ಮುಳುಗಿ ಮೀನಿಗೆ ಈಟಿ ಹೊಡೆಯೋ ಸ್ಪಿಯರ್‌ಗನ್ ಇರುತ್ತಲ್ಲ, ಅದರ ರಬ್ಬರ್ ಬದಲಾಯಿಸೋ ವಿಡಿಯೋಗಳು. 14, 16, 18 ಮಿಲಿಮೀಟರ್ ದಪ್ಪದ ರಬ್ಬರ್. ಒಂದು ತೆಗೆದು ಎರಡು ಹಾಕೋದು. ನೋಡಿ ನೋಡಿ ನನಗೂ ತಲೇಲಿ ಹುಳ ಬಿತ್ತು. ಲೇಟೆಕ್ಸ್ ತರಿಸಿದೆ, ಡಬಲ್ ಕಟ್ಟಿದೆ.

(2/3)

ಭಾನುವಾರ ಬೆಳಗ್ಗೆ. ಪಕ್ಕದ ಮನೆ ಸೋಲಾರ್ ಪಕ್ಕ ಒಂದು ಗಡವ ಕೂತಿತ್ತು. ಗೋಲಿ ಇಟ್ಟೆ, ಎಳೆದೆ, ಬಿಟ್ಟೆ. ಕೋತಿಗೆ ತಾಗಲಿಲ್ಲ. ಸೋಲಾರ್‌ನ ಗಾಜಿನ ಟ್ಯೂಬ್ ಫಟ್ ಅಂತ ಒಡೀತು. ಆ ಸದ್ದಿಗೆ ಪ್ಯಾರಪೆಟ್ ಗೋಡೆ ಹಿಂದಿನಿಂದ ಅಜ್ಜಿ ಎದ್ದು ನಿಂತ್ರು. ಟ್ಯೂಬಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತು ಸಂಡಿಗೆ ಇಡ್ತಿದ್ರು. ನನಗೆ ಕಂಡಿದ್ದು ಕೋತಿ ಮಾತ್ರ.

ನಾನು ಕೆಳಗೆ ಬಗ್ಗಿದೆ. ಅಜ್ಜಿ ಕೂಗಿದ್ದು ಕೇಳಿಸ್ತು: "ಹಾಳು ಕೋತಿ ಹಾರಿ ಟ್ಯೂಬ್ ಒಡೆದುಹಾಕ್ತು ನೋಡ್ರೋ!"

ನಾನು ಸುಮ್ಮನಿದ್ದೆ. ಹನ್ನೊಂದು ದಿನ ಸುಮ್ಮನಿದ್ದೆ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸ್ತು ಅಂತ ಗಾದೆ. ಇಲ್ಲಿ ನಾನು ಮಾಡಿ ಕೋತಿ ಬಾಯಿಗೆ ಒರೆಸಿದ್ದೆ. ಬೀದಿಯ ವಾಟ್ಸಾಪ್ ಗ್ರೂಪಲ್ಲಿ ಯಾರೋ "ಪಟಾಕಿ ಹೊಡೆಯೋಣ" ಅಂದ್ರು, ಇನ್ಯಾರೋ "ವಿಷ ಇಡ್ಬೇಕು ಇವಕ್ಕೆ" ಅಂದ್ರು. ಅದನ್ನ ಓದಿದ ದಿನ ಹೋಗಿ ಅಜ್ಜಿಗೆ ಹೇಳಿದೆ. ಅವರು ಬಯ್ಯಲಿಲ್ಲ. "ನನ್ನ ಕಣ್ಣಿಗೆ ಬಿದ್ದಿದ್ರೆ ಏನೋ ಮಾಡ್ತಿದ್ದೆ?" ಅಂದ್ರು ಅಷ್ಟೆ. ಟ್ಯೂಬ್, ಮೆಕ್ಯಾನಿಕ್ ಕೂಲಿ ಸೇರಿ 1,400 ಕೊಟ್ಟೆ. ಆ ಪ್ರಶ್ನೆಗೆ ಮಾತ್ರ ಉತ್ತರ ಕೊಡೋಕಾಗಲಿಲ್ಲ.

(3/3)

ಈಗ ನನ್ನ ಅಭಿಪ್ರಾಯ. ಬಿಕಾಂ ಹುಡುಗ, ಲೆಕ್ಕದಲ್ಲೇ ಹೇಳ್ತೀನಿ.

ಡಬಲ್ ರಬ್ಬರ್ ಹಾಕಿದ್ರೆ ಸ್ಪೀಡ್ ಡಬಲ್ ಆಗಲ್ಲ. ಅಷ್ಟೇ ದೂರ ಎಳೆದ್ರೆ ತುಂಬೋ ಶಕ್ತಿ ಎರಡರಷ್ಟು. ಸ್ಪೀಡ್ ಹೆಚ್ಚಂದ್ರೆ 1.4ರಷ್ಟು. ರಬ್ಬರ್ ತನ್ನ ತೂಕಾನೂ ಎಳ್ಕೊಂಡು ಹೋಗ್ಬೇಕಲ್ಲ, ಹಾಗಾಗಿ ಅಷ್ಟೂ ಸಿಗಲ್ಲ. ಆದ್ರೆ ಕೈಗೆ ಬೀಳೋ ಭಾರ ಪೂರ್ತಿ ಡಬಲ್. ಕೈ ನಡುಗುತ್ತೆ, ಗುರಿ ಕೆಡುತ್ತೆ. ಅಂದ್ರೆ ಪೆಟ್ಟು ಜಾಸ್ತಿ ಆಯ್ತು, ಪೆಟ್ಟು ಎಲ್ಲಿ ಬೀಳುತ್ತೆ ಅನ್ನೋದು ನಮ್ಮ ಕೈ ತಪ್ಪಿತು. ಸ್ಪಿಯರ್‌ಗನ್‌ನವರದ್ದೂ ಇದೇ ಕಥೆ. ತೆಳು ಬಾಣಕ್ಕೆ ಜಾಸ್ತಿ ರಬ್ಬರ್ ಹಾಕಿದ್ರೆ ಬಾಣ ಬಾಗಿ, ಓಲಾಡ್ಕೊಂಡು ಹೋಗುತ್ತೆ. ಅದಕ್ಕೇ ತಿಳಿದವರು ಬಾಣದ ತೂಕ, ರಬ್ಬರಿನ ದಪ್ಪ, ಉದ್ದ ಮೂರನ್ನೂ ಹೊಂದಿಸ್ತಾರೆ. ನೀರಿನಿಂದ ಹೊರಗೆ ಲೋಡ್ ಮಾಡಲ್ಲ. ಬಾಣಕ್ಕೆ ದಾರ ಕಟ್ಟಿರುತ್ತೆ, ಅದು ಗನ್ ಬಿಟ್ಟು ದೂರ ಹೋಗಲ್ಲ.

ನಮ್ಮ ಗೋಲಿಗೆ ದಾರ ಇಲ್ಲ. ತಪ್ಪಿದ ಗೋಲಿ ನಿಲ್ಲೋದು ಇನ್ಯಾರದೋ ಮನೇಲಿ. ಒಂದು ಗೋಡೆಗೆ ಇನ್ನೊಂದು ಗೋಡೆ ಅಂಟಿರೋ ಈ ಹಳೇ ಬೀದಿಗಳಲ್ಲಿ, ಮಲ್ಲೇಶ್ವರ ಇರ್ಲಿ, ಬಸವನಗುಡಿ ಇರ್ಲಿ, ಚಾಮರಾಜಪೇಟೆ ಇರ್ಲಿ, ಕೋತಿ ಹಿಂದೆ ಯಾವಾಗ್ಲೂ ಒಂದು ಮನೆ ಇದ್ದೇ ಇರುತ್ತೆ.

ಇನ್ನೊಂದು ವಿಷ್ಯ. ಲೇಟೆಕ್ಸ್ ಬಿಸಿಲಿಗೆ ಬೇಗ ಹಾಳಾಗುತ್ತೆ. ಕಟ್ಟಿದ ಜಾಗದಲ್ಲಿ ಸಣ್ಣ ಸೀಳು ಬಿದ್ರೂ ಸಾಕು, ಪೂರ್ತಿ ಎಳೆದಾಗ ಕಿತ್ತು ವಾಪಸ್ ಬರೋದು ನಿಮ್ಮ ಮುಖಕ್ಕೇ.

"ಹಾಗಾದ್ರೆ ಕೋತಿ ಬಂದ್ರೆ ಪೂಜೆ ಮಾಡ್ಬೇಕಾ?" ಅಂತ ಕೇಳ್ತೀರ. ಬೇಡ. ನಾನು ಎರಡು ವರ್ಷ ನೋಡಿದ್ದು ಇಷ್ಟು: ನಮ್ಮನೆಗೆ ಬರೋ ಕೋತಿಗಳು ಬಿಲ್ಲು ಎತ್ತಿದ ತಕ್ಷಣ ಓಡ್ತವೆ. ಗೋಲಿ ಬಿಡೋ ತನಕ ಕಾಯೋದೇ ಇಲ್ಲ. ಅಂದ್ರೆ ಕೆಲಸ ಮಾಡ್ತಿದ್ದದ್ದು ಹೆದರಿಕೆ, ರಬ್ಬರ್ ಅಲ್ಲ. ಬೇಡಿಕೆನೇ ಇಲ್ಲದ ಮಾಲಿಗೆ 380 ಬಂಡವಾಳ ಹಾಕಿ 1,400 ನಷ್ಟ ಮಾಡ್ಕೊಂಡೆ. ಕಿಟಕಿಗೆ ಮೆಶ್ ಹಾಕ್ಸಿ, ಕಸ ಮುಚ್ಚಿಡಿ, ಪಾಪ ಅಂತ ಬಿಸ್ಕೆಟ್ ಹಾಕೋದು ನಿಲ್ಸಿ. ಪ್ರಾಣಿಗೆ ಸುಮ್ಮಸುಮ್ಮನೆ ನೋವು ಮಾಡೋದು 1960ರ ಕಾಯ್ದೆ ಪ್ರಕಾರ ಅಪರಾಧ ಅನ್ನೋದೂ ನೆನಪಿರ್ಲಿ. ನಮ್ಮ ತಾರಸಿ ಮೇಲಿನ ಈ ಬಾನೆಟ್ ಮಕಾಕ್ ಕೋತಿ ದಕ್ಷಿಣ ಭಾರತದ್ದೇ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ಗುರಿ ಹೊಡೆಯೋದೇ ಇಷ್ಟ ಅಂದ್ರೆ ಒಂದು ರಟ್ಟಿನ ಡಬ್ಬದೊಳಗೆ ಹಳೇ ಬೆಡ್‌ಶೀಟ್ ನೇತು ಹಾಕಿ, ಹಿಂದೆ ಗೋಡೆ ಇರ್ಲಿ, ಕಣ್ಣಿಗೆ ಕನ್ನಡಕ ಇರ್ಲಿ, ಹಗುರ ರಬ್ಬರ್ ಇರ್ಲಿ. ಹತ್ತಕ್ಕೆ ಹತ್ತು ಬಿದ್ದ ಮೇಲೆ ದಪ್ಪ ರಬ್ಬರ್ ಬೇಕಾ ಅಂತ ಯೋಚ್ನೆ ಮಾಡಿ. ಬೇಕು ಅನ್ಸಲ್ಲ.

ಲೇಟೆಕ್ಸ್ ಕತ್ತರಿಸಿ ಅಜ್ಜಿಗೇ ಕೊಟ್ಟೆ. ಈಗ ಸಂಡಿಗೆ ಡಬ್ಬದ ಮುಚ್ಚಳಕ್ಕೆ ಸುತ್ತಿದ್ದಾರೆ. ಕೋತಿಗೆ ಇನ್ನೂ ತೆಗೆಯೋಕಾಗಿಲ್ಲ.

#ಮಲ್ಲೇಶ್ವರ #ಕ್ಯಾಟರ್‌ಬಿಲ್ಲು #ನಮ್ಮಬೀದಿ