ಮಗನ ಗಿಟಾರು

ನೀವೇ ಹೇಳಿ ಸೋದರಿಯರೇ, ಪರೀಕ್ಷೆ ಹತ್ತಿರ ಬಂದರೂ ನಮ್ಮ ಮಗರಾಯ ಗಿಟಾರು ಕೆಳಗಿಡ್ತಿಲ್ಲ. ತುಮಕೂರಿನ ಗೆಳೆಯರದೇ ರಾಕ್ ವಾದ್ಯಗೋಷ್ಠಿಯಂತೆ, ಹಾಡುವುದೆಲ್ಲ ಬೇರೆಯವರ ಹಾಡು! ಡ್ರಮ್ಮಿನವನು ಕುಣಿಗಲ್ಲಿನ ಭಜನೆಯಲ್ಲಿ ತಬಲ ಕಲಿತವನು. ಕೀಬೋರ್ಡಿನವನಿಗೆ ಅಜ್ಜನ ಹಾರ್ಮೋನಿಯಮ್ಮೇ ಗುರು. "ಎರವಲು ಹಾಡಿಗೆ ಓದು ಹಾಳು" ಅಂತ ನಮ್ಮ ಯಜಮಾನರು ಗಿಟಾರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಬಿಟ್ಟರು.

ಊಟಕ್ಕೆ ಬಡಿಸುತ್ತಾ ನಾನು ಗುಬ್ಬಿ ಕಂಪನಿಯ ಮಾತೆತ್ತಿದೆ. 1884ರಲ್ಲಿ ಹುಟ್ಟಿದ ಕಂಪನಿ. ಆಗಿನ ನಾಟಕದವರು ಮರಾಠಿ, ಹಿಂದಿ ಮಟ್ಟುಗಳಿಗೆ ಕನ್ನಡ ಮಾತು ಕೂಡಿಸಿ ಹಾಡುತ್ತಿರಲಿಲ್ಲವೇ? ಮನೆ ಬಿಟ್ಟು ಬಂದು ಅಲ್ಲಿ ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರೇ ಓದಲಿಕ್ಕೆ ಕಾಶಿಗೆ ಕಳಿಸಿದರು. ಅಲ್ಲಿ ಎಂ.ಎ. ಓದಿನ ಜೊತೆಗೇ ಓಂಕಾರನಾಥ ಠಾಕೂರರ ಹತ್ತಿರ ಸಂಗೀತವೂ ಆಯಿತು.

"ಸರಿ, ದಿನಕ್ಕೆ ಒಂದೇ ಗಂಟೆ" ಅಂದರು. ಎರಡಕ್ಕೆ ಒಪ್ಪಿಸುವ ಕೆಲಸ ಇನ್ನೂ ಇದೆ.