ಎಪ್ಪತ್ತು ವರ್ಷಕ್ಕೆ 170 ಬಿಪಿ ಸಹಜವಲ್ಲ



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ನಡೆಯುವ ಉಚಿತ ತಪಾಸಣಾ ಶಿಬಿರಗಳು ಸ್ವಾಗತಾರ್ಹ. ಆದರೆ ಶಿಬಿರದಲ್ಲೂ ಮನೆಮಂದಿಯ ಬಾಯಲ್ಲೂ ಹಳೆಯ ಲೆಕ್ಕವೊಂದು ಇನ್ನೂ ಓಡಾಡುತ್ತಿದೆ: ವಯಸ್ಸಿಗೆ ನೂರು ಕೂಡಿಸಿದರೆ ಬರುವುದೇ ಸರಿಯಾದ ಬಿಪಿ. ಎಪ್ಪತ್ತರ ಅಜ್ಜನಿಗೆ 170 ಬಂದರೂ ‘ವಯಸ್ಸಿಗೆ ಸರಿ ಐತಿ ಬಿಡ್ರಿ’ ಎಂದು ಕಳಿಸಿದ್ದನ್ನು ಕಂಡಿದ್ದೇನೆ. ಈ ಲೆಕ್ಕ ತಪ್ಪು, ಅಪಾಯಕಾರಿ.

ದೊಡ್ಡವರಿಗೆಲ್ಲ ಅಳತೆ ಒಂದೇ. 120/80ರ ಒಳಗಿದ್ದರೆ ಉತ್ತಮ. ಬೇರೆ ಬೇರೆ ದಿನ ನೋಡಿದರೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಕಾಯಿಲೆ. ಎತ್ತರ, ವಯಸ್ಸು ನೋಡಿ ಹೇಳುವ ಬೇರೆ ಪಟ್ಟಿ ಇರುವುದು ಮಕ್ಕಳಿಗೆ ಮಾತ್ರ. ಬಸುರಿಯರಿಗಂತೂ 140/90 ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಅಂಕಿ. ವಯಸ್ಸಾದಂತೆ ರಕ್ತನಾಳ ಪೆಡಸಾಗಿ ಮೇಲಿನ ಅಂಕಿ ಏರುವುದು ನಿಜ. ಹಾಗೆಂದು ಸುಮ್ಮನಿರುವಂತಿಲ್ಲ. 80 ದಾಟಿದವರ ಬಗ್ಗೆ 2008ರಲ್ಲಿ ಪ್ರಕಟವಾದ ‘ಹೈವೆಟ್’ ಅಧ್ಯಯನದಲ್ಲಿ, ಮಾತ್ರೆ ತೆಗೆದುಕೊಂಡವರಲ್ಲಿ ಸಾವೂ ಹೃದಯ ವೈಫಲ್ಯವೂ ಕಡಿಮೆಯಾದವು. ಎದ್ದರೆ ತಲೆ ತಿರುಗುವ ವೃದ್ಧರಿಗೆ ಎಷ್ಟು ಇಳಿಸಬೇಕೆಂಬುದನ್ನು ವೈದ್ಯರು ನಿರ್ಧರಿಸಲಿ.

ಬಿಪಿ ಮುದುಕರ ಕಾಯಿಲೆ ಎಂಬ ನಂಬಿಕೆಯಿಂದ ದುಡಿಯುವ ವಯಸ್ಸಿನವರು ತಪಾಸಣೆಗೇ ಬರುವುದಿಲ್ಲ. 30 ದಾಟಿದವರನ್ನೆಲ್ಲ ತಪಾಸಣೆ ಮಾಡಬೇಕೆಂದು ಸರ್ಕಾರದ ಕಾರ್ಯಕ್ರಮವೇ ಹೇಳುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲರು, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೇಗೆ ಹೋದಾರು?

ಇನ್ನು ಊಟದ ಮಾತು. ಬಿಪಿ ಎಂದ ಕೂಡಲೇ ನಮ್ಮಲ್ಲಿ ಖಾರ ಬಿಡಿಸುತ್ತಾರೆ. ಆದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಮಾತ್ರ ತಟ್ಟೆ ಬಿಡುವುದಿಲ್ಲ. ಬಿಪಿ ಏರಿಸುವುದು ಇವುಗಳಲ್ಲಿರುವ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂನ ಒಳಗೆ, ಅಂದರೆ ಎಲ್ಲ ಅಡುಗೆಯೂ ಸೇರಿ ಒಂದು ಸಣ್ಣ ಚಮಚ.

ಆದ್ದರಿಂದ ಜಿಲ್ಲೆಯ ಆರೋಗ್ಯ ಇಲಾಖೆ ಮತ್ತು ಮೂರೂ ಊರುಗಳ ಎಪಿಎಂಸಿಗಳಲ್ಲಿ ನನ್ನ ವಿನಂತಿ: ವಹಿವಾಟಿನ ದಿನ ಮಾರುಕಟ್ಟೆಯೊಳಗೇ ತಪಾಸಣೆ ನಡೆಸಿ. ಸಾಲಿನಲ್ಲಿ ನಿಂತವರ ಅಂಗಿಯ ಮೇಲೆ ಪಟ್ಟಿ ಸುತ್ತಿ ಮುಗಿಸಬೇಡಿ. ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು ಕೂರಿಸಿ, ಬರಿದೋಳನ್ನು ಎದೆಯ ಮಟ್ಟದಲ್ಲಿಟ್ಟು ಎರಡು ಸಲ ಅಳೆಯಿರಿ. ಹೆಚ್ಚು ಬಂದವರ ಹೆಸರು ಬರೆದುಕೊಂಡು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಅಲ್ಲಿ ಮಾತ್ರೆ ಉಚಿತ ಎಂಬುದನ್ನೂ ತಿಳಿಸಿ. 140/90 ಎಂಬ ಅಂಕಿ ಮಾರುಕಟ್ಟೆಯ ಗೋಡೆಯ ಮೇಲೆ ದೊಡ್ಡದಾಗಿ ಕಾಣಲಿ. ಮೆಣಸಿನಕಾಯಿ ಸೀಸನ್‌ ಶುರುವಾಗುವ ಮೊದಲೇ ಈ ಕೆಲಸ ಆಗಬೇಕು.

– ಒಬ್ಬ ಓದುಗ, ಬ್ಯಾಡಗಿ