ಮರದ ಮೇಲಿನ ಕೂಗು ಮನೆಗೆ ಮುಟ್ಟಲಿ

ದೇವಲಾಪುರ ಹೋಬಳಿಯ ರೈತ ಬಂಧುಗಳಲ್ಲಿ, ತಾಯಂದಿರಲ್ಲಿ ಒಂದು ಮನವಿ.

ಅವರೆ, ಅಲಸಂದೆ ಬಿತ್ತಿದ ಹೊಲದಲ್ಲಿ ಮೊಳಕೆ ತಲೆಯೆತ್ತುವ ಹೊತ್ತಿಗೆ ನವಿಲಿನ ಹಿಂಡು ಇಳಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸಾಲು ಹಿಡಿದು ಕಿತ್ತು ತಿನ್ನುತ್ತವೆ. ಮತ್ತೆ ಬಿತ್ತೋಣವೆಂದರೆ ಅಷ್ಟರಲ್ಲಿ ಹದ ಹೋಗಿರುತ್ತದೆ, ಬೀಜದ ದುಡ್ಡೂ ಹೋಗಿರುತ್ತದೆ. ಮಳೆಯನ್ನೇ ನಂಬಿದ ಹೊಲಕ್ಕೆ ಇದು ಸಣ್ಣ ನಷ್ಟವಲ್ಲ. ನವಿಲು ಹೆಚ್ಚಾಗಿವೆ ಎಂಬ ನಿಮ್ಮ ಮಾತೂ ನಿಜ. ಹಕ್ಕಿ ವೀಕ್ಷಕರು ದಾಖಲಿಸಿದ ಮಾಹಿತಿಯಿಂದ ಸಿದ್ಧವಾದ, ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿಯ ಪ್ರಕಾರ, 2000ದಿಂದೀಚೆಗೆ ದೇಶದಲ್ಲಿ ನವಿಲು ಶೇ 150ಕ್ಕೂ ಮೀರಿ ಹೆಚ್ಚಿವೆ.

ಆದರೂ ವಿಷ ಬೆರೆಸಿದ ಕಾಳು ಚೆಲ್ಲುವುದನ್ನಾಗಲಿ, ಬೇಲಿಗೆ ಕರೆಂಟು ಬಿಡುವುದನ್ನಾಗಲಿ ಒಪ್ಪಲಾಗದು. ವಿಷದ ಕಾಳು ತಿಂದು ಕೌಜುಗ, ಬೆಳವ, ನಿಮ್ಮದೇ ಮನೆಯ ನಾಟಿಕೋಳಿ ಸಾಯುತ್ತವೆ. ಕರೆಂಟು ಬೇಲಿಯಂತೂ ರಾತ್ರಿ ನೀರು ಕಟ್ಟಲು ಹೊರಟ ಮನುಷ್ಯನನ್ನೂ ಉಳಿಸದು. ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಜೀವಿ. ಕೊಂದವರಿಗೆ 3ರಿಂದ 7 ವರ್ಷ ಸೆರೆವಾಸ ಕಾದಿದೆ. ನಮ್ಮ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲೇ 1981ರಲ್ಲಿ ನವಿಲುಧಾಮ ಘೋಷಣೆಯಾಯಿತು. ಅದರ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಿಮೆ. ನವಿಲು ಆ ಎಲ್ಲೆಯೊಳಗೇ ಇರಬೇಕೆಂದು ಬಯಸುವುದು ಆಗದ ಮಾತು.

ಹಿಂದೆ ಹೊಲ ಕಾಯಲು ಜನರಿದ್ದರು. ಅಟ್ಟಣೆಯ ಮೇಲೆ ಕೂತು ತಮಟೆ ಬಡಿಯುತ್ತಿದ್ದರು, ಕವಣೆ ಬೀಸುತ್ತಿದ್ದರು. ಇಂದು ಹುಡುಗರು ಶಾಲೆಯಲ್ಲಿದ್ದಾರೆ (ಅಲ್ಲೇ ಇರಬೇಕಾದ್ದು), ದೊಡ್ಡವರು ಬೆಂಗಳೂರಿನಲ್ಲಿದ್ದಾರೆ. ಉಳಿದ ವಯಸ್ಸಾದವರು ಬೆರ್ಚಪ್ಪನನ್ನು ನಿಲ್ಲಿಸುತ್ತಾರೆ, ಇಲ್ಲವೇ ಸ್ಪೀಕರಿನಲ್ಲಿ ದಿನವಿಡೀ ಒಂದೇ ಸದ್ದು ಹಾಕಿಡುತ್ತಾರೆ. ಸದ್ದಿನ ಹಿಂದೆ ಅಪಾಯವಿಲ್ಲವೆಂದು ನವಿಲು ಬೇಗ ಕಲಿಯುತ್ತದೆ. ಆಮೇಲೆ ಆ ಸದ್ದು ಕಾಡುವುದು ಅಕ್ಕಪಕ್ಕದವರನ್ನು ಮಾತ್ರ.

ಕಾವಲಿಗೆ ಜನರಿಲ್ಲದ ಈ ಹೊತ್ತಿನಲ್ಲಿ ನೆರವಾಗಬಲ್ಲ, ಹಕ್ಕಿಯ ದನಿಯನ್ನು ಗುರುತಿಸುವ ತಂತ್ರಾಂಶ ಈಗ ಬಂದಿದೆ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಜರ್ಮನಿಯ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರು ರೂಪಿಸಿದ ಬರ್ಡ್‌ನೆಟ್ ಅಂಥದ್ದೊಂದು. ಕೇಳಿದ ಸದ್ದನ್ನು 3 ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಚಿತ್ರವಾಗಿ ಮಾರ್ಪಡಿಸಿ, ಅದು ಯಾವ ಹಕ್ಕಿಯ ದನಿ, ಎಷ್ಟು ಖಚಿತ ಎಂದು ಅಂಕ ಕೊಡುತ್ತದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರು, ಒಂದು ಮೈಕು ಇದ್ದರೆ ಹೊಲದ ಬದುವಿನಲ್ಲೇ ಇದು ನಡೆಯುತ್ತದೆ. ಅಂಕ ನಾವು ಗೊತ್ತುಮಾಡಿದ ಮಟ್ಟ ದಾಟಿದೊಡನೆ ಮೊಬೈಲಿಗೆ ಸಂದೇಶ ಕಳಿಸು, ಸ್ಪ್ರಿಂಕ್ಲರ್ ಹಾಕು ಎಂದು ಅದಕ್ಕೆ ಮೊದಲೇ ಹೇಳಿಡಬಹುದು.

ಇಲ್ಲಿ ಒಂದು ಸಂಗತಿ ಬಲು ಮುಖ್ಯ. ನವಿಲು ಮೇಯುವಾಗ ಹೆಚ್ಚಾಗಿ ಕೂಗುವುದಿಲ್ಲ. ಅದು ಹೆಚ್ಚಾಗಿ ಕೂಗುವುದು ರಾತ್ರಿ ತಂಗುವ ಮರದ ಮೇಲಿಂದ, ನಸುಕಿನ ಮಬ್ಬುಗತ್ತಲಿನಲ್ಲಿ ಮತ್ತು ಸಂಜೆ. ಆ ಕೂಗು ಬಹುದೂರ ಕೇಳುತ್ತದೆ. ಹಾಗಾಗಿ ಯಂತ್ರ ಕೂಗು ಹಿಡಿಯಿತೆಂದರೆ ನವಿಲು ಹೊಲಕ್ಕೆ ಇಳಿದಿದೆಯೆಂದು ಅರ್ಥವಲ್ಲ, ಹತ್ತಿರದಲ್ಲಿದೆ, ಇನ್ನು ಇಳಿಯಬಹುದು ಎಂದಷ್ಟೇ. ಕೂಗಿದ ಕೂಡಲೇ ಪಟಾಕಿ ಸಿಡಿಸುವ ಏರ್ಪಾಡಿಗಿಂತ, ಹೊಲದವರ ಮೊಬೈಲಿಗೆ ಸುದ್ದಿ ಮುಟ್ಟಿಸುವ ಏರ್ಪಾಡೇ ಮೇಲು ಎಂದು ನಾನು ಹೇಳುವುದು ಇದಕ್ಕೇ. ಮನೆಯಿಂದ ಹೊರಟು ಬದುವಿನ ಮೇಲೆ ಒಂದು ಸುತ್ತು ಹಾಕಲು ಹೊತ್ತು ಸಿಗುತ್ತದೆ. ಮನುಷ್ಯ ಕಂಡರೆ ನವಿಲು ಈಗಲೂ ಹಿಂದೆ ಸರಿಯುತ್ತದೆ. ಬರಲಾಗದವರು ನೀರಿನ ಅನುಕೂಲವಿದ್ದರೆ ಸ್ಪ್ರಿಂಕ್ಲರ್ ಹಾಕಲಿ, ಆದರೆ ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಬೇಡ. ಹೆಣ್ಣು ನವಿಲು ನೆಲದ ಮೇಲೆ, ಪೊದೆಯ ಮರೆಯಲ್ಲಿ ಮೊಟ್ಟೆಯಿಡುವುದೂ ಬಿತ್ತನೆಯ ಈ ತಿಂಗಳುಗಳಲ್ಲೇ. ಪೊದೆಗಳತ್ತ ನೀರನ್ನಾಗಲಿ ಸದ್ದನ್ನಾಗಲಿ ತಿರುಗಿಸಬೇಡಿ.

ಯಂತ್ರದ ಮಿತಿಯನ್ನೂ ತಿಳಿದೇ ಕೈಹಾಕೋಣ. ನವಿಲು ಜೋರಾಗಿ ಕೂಗುವುದು ಮುಂಗಾರಿನ ತಿಂಗಳುಗಳಲ್ಲಿ, ಬಿತ್ತನೆಯ ಹೊತ್ತಿಗೆ. ಗರಿ ಉದುರಿದ ಮೇಲೆ, ಅವರೆ ಹೂಬಿಟ್ಟು ಕಾಯಿ ಕಟ್ಟುವ ಕಾಲಕ್ಕೆ ಅದು ಬಹುಪಾಲು ಮೌನಿ. ಆಗ ಈ ಯಂತ್ರದಿಂದ ದೊಡ್ಡ ಉಪಕಾರವಿಲ್ಲ, ಕಣ್ಣಿನ ಕಾವಲೇ ಬೇಕು. ಗಾಳಿ ಮಳೆಯ ಸದ್ದಿನಲ್ಲಿ ಅದು ತಪ್ಪುವುದೂ ಉಂಟು.

ಅದಕ್ಕೆ ನನ್ನ ಬೇಡಿಕೆ ದೊಡ್ಡದಲ್ಲ. ಗ್ರಾಮ ಪಂಚಾಯಿತಿಯವರು ಈ ಮುಂಗಾರಿಗೆ ಹೋಬಳಿಯಲ್ಲಿ ಒಂದೇ ಒಂದು ಹೊಲದಲ್ಲಿ ಇದನ್ನು ಇಟ್ಟು ನೋಡಲಿ, ಅರಣ್ಯ ಇಲಾಖೆಯವರನ್ನೂ ಕೃಷಿ ಇಲಾಖೆಯವರನ್ನೂ ಕರೆದು ತೋರಿಸಲಿ. ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರು, ಮಕ್ಕಳು ಅದರ ಲೆಕ್ಕ ಬರೆದಿಡಲಿ: ಎಷ್ಟು ಸಲ ಸುದ್ದಿ ಬಂತು, ಎಷ್ಟು ಸಲ ನವಿಲು ನಿಜವಾಗಿ ಇಳಿಯಿತು, ಎಷ್ಟು ಸಾಲು ಉಳಿಯಿತು. ದಾರಿಹೋಕರ ಮಾತು ಯಂತ್ರದಲ್ಲಿ ಉಳಿಯದ ಹಾಗೆ, ಹಕ್ಕಿಯ ದನಿಯಲ್ಲದ್ದನ್ನೆಲ್ಲ ಅಳಿಸುವ ಏರ್ಪಾಡನ್ನು ಮೊದಲ ದಿನವೇ ಮಾಡಿರಲಿ.

ಹಿರಿಯರೇ, ನಿಮ್ಮಲ್ಲಿ ಇನ್ನೊಂದು ಕೋರಿಕೆ. ಜೊತೆಯನ್ನು ಕರೆಯುವ ನವಿಲಿನ ಕೂಗು ಯಾವುದು, ನಾಯಿ ಕಂಡು ಬೆದರಿದ ಕೂಗು ಯಾವುದು ಎಂದು ನಿಮ್ಮ ಕಿವಿಗೆ ಗೊತ್ತು. ಬರ್ಡ್‌ನೆಟ್ ಹೇಳುವುದು ಹಕ್ಕಿಯ ಹೆಸರನ್ನಷ್ಟೇ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊಬೈಲಿನಲ್ಲಿ ಆ ಕೂಗುಗಳನ್ನು ಹಿಡಿದಿಡಿ, ಯಾವ ಹೊತ್ತು, ಯಾವ ಮರ ಎಂದು ಬರೆಸಿ. ಯಂತ್ರ ಬರುವ ಮೊದಲೇ ಈ ಕೆಲಸ ಶುರುವಾಗಲಿ. ಅಲ್ಲಿಯವರೆಗೆ ವಿಷದ ಕಾಳು ಯಾರ ಹೊಲಕ್ಕೂ ಬೀಳದಿರಲಿ.